ಮಾತ್ರೆ ಕೊಡುವ ಕೈ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಹಾಸನದಲ್ಲಿ ಜಿಎನ್‌ಎಂ ಮುಗಿಸಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಏಳು ವರ್ಷ ನರ್ಸ್ ಆಗಿದ್ದೆ. ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸಮೀಪ ನಾನೂ ನಮ್ಮ ಯಜಮಾನರೂ ಆರು ಹಾಸಿಗೆಗಳ ವೃದ್ಧರ ಆರೈಕೆ ಮನೆಯೊಂದನ್ನು ವಹಿಸಿಕೊಂಡಿದ್ದೇವೆ. ನಾಲ್ವರು ಕೆಲಸಗಾರರಿದ್ದಾರೆ, ಯಾರಿಗೂ ಇಂಗ್ಲಿಷ್ ಮನೆಮಾತಲ್ಲ. ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮಾತ್ರೆ ಕೊಡುವ ಕೆಲಸಕ್ಕೆಂದೇ 140 ಗಂಟೆಗಳ ಕೋರ್ಸ್ ಮಾಡಿ ಪರವಾನಗಿ ಪಡೆದಿದ್ದಾಳೆ. ನಮ್ಮವರಿಗೂ ಅಷ್ಟು ಬೇಕೇ? ಇನ್ನೂ ಕೆಲವು ಸಂದೇಹಗಳಿವೆ. ಒಬ್ಬ ಅಜ್ಜಿಗೆ ದಿನಾ ಇನ್ಸುಲಿನ್ ಇದೆ, ನಾನೇ ಕೊಡುತ್ತಿದ್ದೇನೆ. ಮರೆವಿನ ಕಾಯಿಲೆಯ ಇನ್ನೊಬ್ಬರು ಮಾತ್ರೆ ಉಗುಳುತ್ತಾರೆ, ಪುಡಿ ಮಾಡಿ ಪಾಯಸದಲ್ಲಿ ಬೆರೆಸಿ ಕೊಡಿ ಎಂದು ಅವರ ಮಗಳು ಹೇಳಿದ್ದಾರೆ. ಕಳೆದ ತಿಂಗಳು ತೀರಿಕೊಂಡವರ ಔಷಧಿಗಳು ಕಪಾಟಿನಲ್ಲಿ ಹಾಗೆಯೇ ಇವೆ, ನಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಕಳುಹಿಸಬಹುದೇ?

ಉತ್ತರ: ಇನ್ಸುಲಿನ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಅದು ನಾಳೆ ಬೆಳಗಿನ ಪ್ರಶ್ನೆ.

ನೀವು ಚುಚ್ಚುಮದ್ದು ಕೊಡುವುದನ್ನು ನಿಲ್ಲಿಸಬೇಕು. ಆದರೆ ಅಜ್ಜಿಗೆ ಇನ್ಸುಲಿನ್ ಒಂದು ಹೊತ್ತೂ ತಪ್ಪಬಾರದು. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವ ಮುನ್ನವೇ ಅವರ ವೈದ್ಯರಿಗೆ ಫೋನ್ ಮಾಡಿ, ಮನೆಗೆ ಬಂದು ಇಂಜೆಕ್ಷನ್ ಕೊಡುವ ನರ್ಸ್ ವ್ಯವಸ್ಥೆ ಮಾಡಿಸಿ. ನೀವು ನರ್ಸ್ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಏಳು ವರ್ಷ ವಾರ್ಡಿನಲ್ಲಿ ದುಡಿದ ನಿಮ್ಮ ಕೈ ಚೆನ್ನಾಗಿಯೇ ಪಳಗಿರುತ್ತದೆ. ಆದರೆ ಕರ್ನಾಟಕದ ನೋಂದಣಿ ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿಯಲ್ಲ. ಇಲ್ಲಿನ ನರ್ಸಿಂಗ್ ಮಂಡಳಿಗೆ ಅರ್ಜಿ ಹಾಕಿ, ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ, ಪರವಾನಗಿ ಬರುವವರೆಗೆ ಕಾನೂನಿನ ಕಣ್ಣಿನಲ್ಲಿ ನೀವೂ ನಿಮ್ಮ ಕೆಲಸಗಾರರೂ ಒಂದೇ. ನಾನೂ ಧಾರವಾಡದ ಕಡೆಯಿಂದ ಬಂದವಳು. ಇಲ್ಲಿಗೆ ಬಂದ ಹೊಸತರಲ್ಲಿ ಈ ಮಾತು ಕೇಳಿದಾಗ ನನಗೆ ಅವಮಾನವೆನಿಸಿತ್ತು. ಅವಮಾನ ಅಂದುಕೊಂಡು ಗುಟ್ಟಾಗಿ ಸಿರಿಂಜ್ ಹಿಡಿದವರು ಆಮೇಲೆ ಪರವಾನಗಿಯ ದಾರಿಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಆ ದಾರಿಯನ್ನು ನೀವು ಉಳಿಸಿಕೊಳ್ಳಬೇಕು.

ಇಲ್ಲಿನ ನಿಯಮ ಸ್ಪಷ್ಟವಾಗಿದೆ. ಮಧುಮೇಹ ಇರುವವರನ್ನು ಇಂತಹ ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ ಅವರು ಸಕ್ಕರೆಯನ್ನು ತಾವೇ ಪರೀಕ್ಷಿಸಿಕೊಂಡು ಇನ್ಸುಲಿನ್ ಅನ್ನು ತಾವೇ ಚುಚ್ಚಿಕೊಳ್ಳಲು ಶಕ್ತರಿರಬೇಕು, ಇಲ್ಲವೇ ಪರವಾನಗಿ ಇರುವ ವೃತ್ತಿಪರರು ಬಂದು ಮಾಡಬೇಕು. ಅಜ್ಜಿಯ ಬೆರಳುಗಳಲ್ಲಿ ಶಕ್ತಿ ಇದ್ದು, ಬುದ್ಧಿ ನಿಚ್ಚಳವಾಗಿದ್ದರೆ ವೈದ್ಯರನ್ನು ಕೇಳಿ ನೋಡಿ. ಪೆನ್ ಮಾದರಿಯ ಇನ್ಸುಲಿನ್ ಎಷ್ಟೋ ವೃದ್ಧರಿಗೆ ಒಗ್ಗುತ್ತದೆ. ಆಗ ನಿಮ್ಮವರು ಪೆನ್ ತಂದುಕೊಡಬಹುದು, ಹೊತ್ತು ನೆನಪಿಸಬಹುದು, ಪಕ್ಕದಲ್ಲಿ ನಿಂತು ನೋಡಿ ಬರೆದುಕೊಳ್ಳಬಹುದು. ಅಳತೆ ತಿರುಗಿಸುವುದೂ ಚುಚ್ಚುವುದೂ ಅಜ್ಜಿಯ ಕೈಯದೇ ಆಗಿರಬೇಕು.

ಈ ಒಂದು ಉದಾಹರಣೆಯಲ್ಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರವಿದೆ. ಟೆಕ್ಸಾಸ್‌ನಲ್ಲಿ ಔಷಧಿ ಸಹಾಯಕರು ಎಂಬ ಪ್ರತ್ಯೇಕ ದರ್ಜೆ ಇದೆ. ಕೋರ್ಸ್, ಪರೀಕ್ಷೆ, ಪರವಾನಗಿ ಎಲ್ಲವೂ ವ್ಯಕ್ತಿಯ ಹೆಸರಿಗೆ. ಕ್ಯಾಲಿಫೋರ್ನಿಯಾದ ವೃದ್ಧರ ಮನೆಗಳಲ್ಲಿ ಅಂತಹ ದರ್ಜೆ ಇಲ್ಲ. ಎಲ್ಲರೂ ‘ಮೆಡ್ ಟೆಕ್’ ಎಂದು ಕರೆಯುವುದು ಕೆಲಸದ ರೂಢಿ ಮಾತ್ರ. ಇಲ್ಲಿನ ಕಾನೂನು ನಿಮ್ಮ ಕೆಲಸಗಾರರಿಗೆ ಔಷಧಿ ‘ಕೊಡುವ’ ಅಧಿಕಾರವನ್ನೇ ಕೊಟ್ಟಿಲ್ಲ. ನಿವಾಸಿ ತನ್ನ ಔಷಧಿಯನ್ನು ತಾನೇ ತೆಗೆದುಕೊಳ್ಳಲು ‘ನೆರವಾಗುವ’ ಅಧಿಕಾರ ಕೊಟ್ಟಿದೆ. ಕಪಾಟಿನ ಬೀಗ ತೆಗೆದು, ಆ ಹೊತ್ತಿನ ಮಾತ್ರೆಯನ್ನು ಪುಟ್ಟ ಬಟ್ಟಲಿಗೆ ಹಾಕಿ, ನೀರಿನ ಲೋಟದೊಂದಿಗೆ ಕೈಗೆ ಇಟ್ಟು, ನುಂಗುವವರೆಗೆ ನಿಂತು ನೋಡುವುದು ನೆರವು. ಬೇಡವೆಂದವರ ಬಾಯಿ ತೆರೆಸುವುದು, ಇಂದು ರಕ್ತದೊತ್ತಡ ಹೆಚ್ಚಿದಂತಿದೆ ಎಂದು ಇನ್ನೊಂದು ಮಾತ್ರೆ ಸೇರಿಸುವುದು ನೆರವಲ್ಲ.

ತರಬೇತಿಯ ಲೆಕ್ಕ ಹೀಗಿದೆ. ಹದಿನೈದು ಅಥವಾ ಅದಕ್ಕಿಂತ ಕಡಿಮೆ ಜನರ ಮನೆಗೆ ಒಟ್ಟು 10 ಗಂಟೆ. ಅದರಲ್ಲಿ 6 ಗಂಟೆ ಅನುಭವಿಗಳ ಜೊತೆ ನಿಂತು ಕೈಯಾರೆ ಕಲಿಯುವುದು, ಇದು ಮುಗಿಯುವ ಮೊದಲು ಒಂದು ಮಾತ್ರೆಯನ್ನೂ ಮುಟ್ಟುವಂತಿಲ್ಲ. ಉಳಿದ 4 ಗಂಟೆಯ ಪಾಠ ಕೆಲಸಕ್ಕೆ ಸೇರಿದ ಎರಡು ವಾರಗಳೊಳಗೆ ಆಗಬೇಕು. ಹದಿನಾರು ಮತ್ತು ಹೆಚ್ಚು ಜನರ ಮನೆಗೆ 24 ಗಂಟೆ: 16 ಗಂಟೆ ಜೊತೆಯಲ್ಲಿ ನಿಂತು, 8 ಗಂಟೆ ಪಾಠ. ಎರಡಕ್ಕೂ ಪರೀಕ್ಷೆ ಇದೆ. ಅನಂತರ ಪ್ರತಿ ಹನ್ನೆರಡು ತಿಂಗಳಿಗೆ 8 ಗಂಟೆಗಳ ಮರುತರಬೇತಿ. ಪಾಠ ಮತ್ತು ಪ್ರಶ್ನೆಪತ್ರಿಕೆಯನ್ನು ಪರವಾನಗಿ ಇರುವ ನರ್ಸ್, ಫಾರ್ಮಸಿಸ್ಟ್ ಅಥವಾ ವೈದ್ಯರು ತಯಾರಿಸಿರಬೇಕು, ಇಲ್ಲವೇ ಅವರ ಸಲಹೆ ಪಡೆದು ತಯಾರಾಗಿರಬೇಕು. ಎಲ್ಲದರ ದಾಖಲೆ ಕೆಲಸಗಾರರ ಕಡತದಲ್ಲಿರಲಿ. ರಾತ್ರಿ ಪಾಳಿಯವರನ್ನು ಮರೆಯಬೇಡಿ. ರಾತ್ರಿ ಎರಡಕ್ಕೆ ನೋವೆಂದು ನರಳುವ ಅಜ್ಜನ ಬಳಿ ಇರುವುದು ಅವರೊಬ್ಬರೇ.

ಹತ್ತು ಗಂಟೆ ಸಾಕೇ ಎಂದು ಕೇಳಿದರೆ, ಸಾಲದು ಎಂದೇ ನನ್ನ ಉತ್ತರ. ಕಾನೂನು ಹೇಳುವುದು ಕನಿಷ್ಠವನ್ನು. ಹೊಸಬರನ್ನು ಒಂದು ವಾರವಾದರೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಸರದಿಗಳಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಏನನ್ನು ಕಲಿಸಬೇಕು? ಸರಿಯಾದ ವ್ಯಕ್ತಿ, ಸರಿಯಾದ ಔಷಧಿ, ಪ್ರಮಾಣ, ಮಾರ್ಗ (ಬಾಯಿಗೋ, ಕಣ್ಣಿಗೋ, ಚರ್ಮಕ್ಕೋ), ಸಮಯ, ದಾಖಲೆ ಎಂಬ ಪಟ್ಟಿ ನಿಮಗೆ ಬಾಯಿಪಾಠ, ಅವರಿಗೂ ಎರಡು ದಿನದಲ್ಲಿ ಆಗುತ್ತದೆ. ಬಾಯಿಪಾಠ ಮಾಡಿದವರೂ ತಪ್ಪು ಮಾಡುತ್ತಾರೆ. ನಾನೇ ಮಾಡಿದ್ದೇನೆ. ಪರವಾನಗಿ ಬಂದ ಹೊಸತು, ಒಂದು ಆರೈಕೆ ಮನೆಯ ತಿಂಡಿಯ ಹೊತ್ತು. ಕಿಟಕಿ ಬದಿಯ ಕುರ್ಚಿಯಲ್ಲಿ ಯಾವಾಗಲೂ ಕೂರುವವರು ಒಬ್ಬರು, ಎದುರಿಗೆ ಇನ್ನೊಬ್ಬರು. ಅಂದು ಚಳಿ ಎಂದು ಇಬ್ಬರೂ ಕುರ್ಚಿ ಬದಲಿಸಿಕೊಂಡಿದ್ದರು. ನಾನು ಮುಖ ನೋಡಲಿಲ್ಲ, ಕುರ್ಚಿ ನೋಡಿದೆ. ಒಬ್ಬರ ರಕ್ತದೊತ್ತಡದ ಮಾತ್ರೆ ಇನ್ನೊಬ್ಬರ ಹೊಟ್ಟೆ ಸೇರಿತು. ಅರ್ಧ ಗಂಟೆಯ ಮೇಲೆ ಅವರು ಎದ್ದು ನಿಂತು ಮೇಜಿನ ಅಂಚು ಹಿಡಿದುಕೊಂಡಾಗ ನನಗೆ ಹೊಳೆಯಿತು. ತಕ್ಷಣ ಮಲಗಿಸಿ ವೈದ್ಯರಿಗೆ ತಿಳಿಸಿದೆವು, ದಿನವಿಡೀ ಪಕ್ಕದಲ್ಲೇ ಕುಳಿತು ನೋಡಿಕೊಂಡೆವು, ಪುಣ್ಯಕ್ಕೆ ಉಳಿದರು. ಅಂದಿನಿಂದ ಪ್ರತಿಯೊಬ್ಬರ ದಾಖಲೆ ಹಾಳೆಯ ಮೇಲೆ ಇತ್ತೀಚಿನ ಭಾವಚಿತ್ರ ಇಲ್ಲದೆ ನಾನು ಯಾರಿಗೂ ಬೀಗದ ಕೈ ಕೊಟ್ಟಿಲ್ಲ. ಆರೇ ಜನ, ಎಲ್ಲರನ್ನೂ ಬಲ್ಲೆ ಎಂದು ನೀವು ಹೇಳಬಹುದು. ಅಲ್ಲಿ ನನಗೂ ಎಲ್ಲರೂ ಗೊತ್ತಿದ್ದರು.

ನನ್ನ ತರಬೇತಿಯ ತಿರುಳು ಒಂದೇ: ಯಾವಾಗ ಕೈ ತಡೆಯಬೇಕು ಎಂಬುದು. ಕೊಡುವುದನ್ನು ಎಲ್ಲರೂ ಕಲಿಯುತ್ತಾರೆ. ನಿಲ್ಲಿಸಿ, ಫೋನ್ ಎತ್ತುವುದನ್ನು ಕಲಿಸಬೇಕು, ಅದೂ ಸಂಕೋಚಪಡುವವರಿಗೆ. ನಿಮ್ಮ ಕೆಲಸಗಾರರು ದೂರದೇಶದಿಂದ ಬಂದವರು, ಭಾಷೆ ತೊಡಕು, ಕೆಲಸ ಹೋದೀತೆಂಬ ಭಯ. ಇಂತಹವರು ಸಂದೇಹ ಬಂದರೂ ಬಾಯಿ ಬಿಡುವುದಿಲ್ಲ, ಚೀಟಿಯಲ್ಲಿದ್ದಂತೆ ಕೊಟ್ಟುಬಿಡುತ್ತಾರೆ.

ಅದಕ್ಕಾಗಿ ನಾನು ಮಾಡುವ ಅಭ್ಯಾಸ ಇದು. ಒಂದೊಂದು ಗುಳ್ಳೆಯಲ್ಲಿ ಒಂದೊಂದು ಹೊತ್ತಿನ ಮಾತ್ರೆ ಇಡುವ ಖಾಲಿ ಬಬಲ್ ಪ್ಯಾಕ್‌ಗಳಲ್ಲಿ ಬಣ್ಣಬಣ್ಣದ ಪೆಪ್ಪರ್‌ಮಿಂಟ್ ತುಂಬಿ, ಮೇಲೆ ಕಾಲ್ಪನಿಕ ಹೆಸರುಗಳ ಲೇಬಲ್ ಅಂಟಿಸಿ, ಅದಕ್ಕೆ ತಕ್ಕ ದಾಖಲೆ ಹಾಳೆ ತಯಾರಿಸುತ್ತೇನೆ. ಹತ್ತರಲ್ಲಿ ಎರಡರಲ್ಲಿ ಬೇಕೆಂದೇ ತಪ್ಪಿಡುತ್ತೇನೆ. ಹಾಳೆಯಲ್ಲಿ 25 ಮಿಲಿಗ್ರಾಂ, ಲೇಬಲ್‌ನಲ್ಲಿ 50. ಹಾಳೆಯಲ್ಲಿ ಹೈಡ್ರಲಜಿನ್, ಪ್ಯಾಕ್‌ನಲ್ಲಿ ಹೈಡ್ರಾಕ್ಸಿಜಿನ್. ಮೊದಲನೆಯದು ರಕ್ತದೊತ್ತಡಕ್ಕೆ, ಎರಡನೆಯದು ತುರಿಕೆ ಮತ್ತು ಆತಂಕಕ್ಕೆ. ಹೆಸರುಗಳು ಅವಳಿಗಳಂತಿದ್ದು ಅನುಭವಿಗಳನ್ನೂ ಏಮಾರಿಸುತ್ತವೆ. ಹತ್ತನ್ನೂ ಚಕಚಕನೆ ಬಟ್ಟಲಿಗೆ ಹಾಕಿದವರು ಫೇಲ್. ಎಂಟು ಹಾಕಿ, ಎರಡನ್ನು ಪಕ್ಕಕ್ಕಿಟ್ಟು, ‘ಇವು ಹೊಂದುತ್ತಿಲ್ಲ, ಫೋನ್ ಮಾಡುತ್ತೇನೆ’ ಎಂದವರು ಪಾಸು. ಒಮ್ಮೆ ಹೊಸದಾಗಿ ಸೇರಿದ ಹೆಂಗಸೊಬ್ಬರು ಆ ಎರಡು ಪ್ಯಾಕ್‌ಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಕಣ್ಣಿನಲ್ಲಿ ನೀರಿತ್ತು. ಹಿಂದಿನ ಕೆಲಸದಲ್ಲಿ ಹೀಗೆ ಪ್ರಶ್ನೆ ಕೇಳಿದ್ದಕ್ಕೆ ಬೈಗುಳ ತಿಂದಿದ್ದರಂತೆ. ನಿಮ್ಮ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬರುವ ಫೋನ್‌ಗೆ ನೀವು ಯಾವ ದನಿಯಲ್ಲಿ ಉತ್ತರಿಸುತ್ತೀರಿ ಎಂಬುದು ಅವರ ಪಾಲಿಗೆ ಹತ್ತು ಗಂಟೆಯ ಪಾಠಕ್ಕಿಂತ ದೊಡ್ಡ ಪಾಠ.

ಲೇಬಲ್ ಅನ್ನು ಮೂರು ಸಲ ಓದಿಸಿ: ಕಪಾಟಿನಿಂದ ತೆಗೆಯುವಾಗ, ಬಟ್ಟಲಿಗೆ ಹಾಕುವಾಗ, ಮತ್ತೆ ಒಳಗಿಡುವಾಗ. ಮೊದಮೊದಲು ಗಟ್ಟಿಯಾಗಿ ಓದಲಿ. ನುಂಗಿದ್ದನ್ನು ಕಂಡ ಮೇಲೆ ಸಹಿ, ಅದಕ್ಕೆ ಮೊದಲಲ್ಲ. ಊಟದ ಗಡಿಬಿಡಿಯಲ್ಲಿ ಆರೂ ಜನರ ಹಾಳೆಗೆ ಒಟ್ಟಿಗೆ ಸಹಿ ಹಾಕಿ ಆಮೇಲೆ ಮಾತ್ರೆ ಹಂಚುವ ಅಭ್ಯಾಸ ಎಷ್ಟು ಸಾಮಾನ್ಯವೆಂದರೆ, ಅದನ್ನು ತಪ್ಪೆಂದು ಯಾರೂ ಭಾವಿಸುವುದೇ ಇಲ್ಲ. ಆರರಲ್ಲಿ ಒಬ್ಬರು ಬೇಡವೆಂದ ದಿನ ಆ ಸಹಿ ಸುಳ್ಳಾಗುತ್ತದೆ, ಮರುದಿನ ವೈದ್ಯರು ಆ ಸುಳ್ಳನ್ನು ನಂಬಿ ಪ್ರಮಾಣ ಹೆಚ್ಚಿಸುತ್ತಾರೆ.

ಒಂದೊಂದು ಔಷಧಿಗೂ ಒಂದೊಂದು ಗುಣ. ನಿಮ್ಮ ಆರು ನಿವಾಸಿಗಳ ಔಷಧಿಗಳನ್ನೇ ಹಿಡಿದು ಕಲಿಸಿ, ಪುಸ್ತಕದ ಇನ್ನೂರು ಹೆಸರು ಬೇಡ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ತುಂಬಿದ ಲೋಟ ನೀರಿನ ಜೊತೆ, ಆಮೇಲೆ ಅರ್ಧ ಗಂಟೆಯಾದರೂ ಮಲಗದೆ ನೆಟ್ಟಗೆ ಕೂರಬೇಕು, ಇಲ್ಲದಿದ್ದರೆ ಅನ್ನನಾಳ ಹುಣ್ಣಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯವರ ಲೆವೊಡೋಪಾ ಅರ್ಧ ಗಂಟೆ ತಡವಾದರೂ ಕೆಲವರು ಕುರ್ಚಿಯಿಂದ ಏಳಲಾರರು. ಸ್ನಾನ ಮಾಡಿಸಿ ಕೊಟ್ಟರಾಯಿತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ‘ತಿಳಿಯಿತೇ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಕೇಳಬೇಡಿ, ಅವರಿಂದಲೇ ಹೇಳಿಸಿ, ಮಾಡಿ ತೋರಿಸಲಿ.

ಈಗ ‘ಬೇಕಾದಾಗ ಮಾತ್ರ’ ಎಂದು ಬರೆದ ಔಷಧಿಗಳು, ಇಲ್ಲಿ ಪಿಆರ್‌ಎನ್ ಎನ್ನುತ್ತಾರಲ್ಲ, ಅವು. ಮನೆ ನಡೆಸುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ನಿಯಮ ನಿವಾಸಿಗಳನ್ನು ಮೂರು ಬಗೆಯಾಗಿ ನೋಡುತ್ತದೆ. ತನಗೆ ಮಾತ್ರೆ ಬೇಕೆಂದು ತಾನೇ ನಿರ್ಧರಿಸಿ ಕೇಳಬಲ್ಲವರು ಮೊದಲ ಬಗೆ. ಇವರಿಗೆ, ವೈದ್ಯರ ಲಿಖಿತ ಮಾತು ಕಡತದಲ್ಲಿದ್ದರೆ, ಕೇಳಿದಾಗ ನೆರವಾಗಬಹುದು. ನಿರ್ಧರಿಸಲಾರರು, ಆದರೆ ‘ಇಲ್ಲಿ ನೋಯುತ್ತಿದೆ’ ಎಂದು ಸ್ಪಷ್ಟವಾಗಿ ಹೇಳಬಲ್ಲರು ಎಂಬುದು ಎರಡನೆಯ ಬಗೆ. ಇವರಿಗೆ ನೆರವಾಗಬಹುದಾದದ್ದು ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಔಷಧಿಗಳಿಗೆ ಮಾತ್ರ, ಅದಕ್ಕೂ ವೈದ್ಯರ ಲಿಖಿತ ಆದೇಶದಲ್ಲಿ ಯಾವ ಲಕ್ಷಣಕ್ಕೆ, ಎಷ್ಟು ಪ್ರಮಾಣ, ಎರಡು ಸಲದ ನಡುವೆ ಕನಿಷ್ಠ ಎಷ್ಟು ಗಂಟೆ, 24 ಗಂಟೆಯಲ್ಲಿ ಗರಿಷ್ಠ ಎಷ್ಟು ಸಲ ಎಂಬುದೆಲ್ಲ ಇರಲೇಬೇಕು. ‘ನೋವಿದ್ದರೆ ಕೊಡಿ’ ಎಂಬ ಚೀಟಿ ಸಾಲದು, ಅದನ್ನು ವಾಪಸ್ ಕಳುಹಿಸಿ ಬರೆಸಿಕೊಳ್ಳಿ. ನಿರ್ಧರಿಸಲೂ ಆಗದು, ಹೇಳಲೂ ಆಗದು ಎಂಬ ಮೂರನೆಯವರಿಗೆ ಪ್ರತಿ ಸಲವೂ, ಒಂದೊಂದು ಡೋಸ್‌ಗೂ ಮೊದಲು ವೈದ್ಯರಿಗೆ ಫೋನ್ ಮಾಡಿ ಲಕ್ಷಣ ವಿವರಿಸಿ ಅನುಮತಿ ಪಡೆಯಬೇಕು. ಫೋನ್ ಮಾಡಿದ ದಿನ, ಹೊತ್ತು, ಅವರು ಹೇಳಿದ್ದು, ಕೊಟ್ಟ ಪ್ರಮಾಣ, ಆಮೇಲೆ ನಿವಾಸಿ ಹೇಗಿದ್ದರು ಎಂಬುದು ಎಲ್ಲವೂ ಬರಹದಲ್ಲಿರಬೇಕು.

ಮೂರನೆಯವರ ವಿಷಯದಲ್ಲಿ ಇದು ಕಾಟವೆಂದು ಅನೇಕರು ಗೊಣಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಮಾತು ಕಳೆದುಕೊಂಡ ಅಜ್ಜಿ ಸಂಜೆಯಾದರೆ ಕೂಗುತ್ತಾರೆ, ಮನೆಯವರಿಗೆಲ್ಲ ನಿದ್ದೆ ಇಲ್ಲ, ಕಪಾಟಿನಲ್ಲಿ ಮಂಪರು ತರುವ ಮಾತ್ರೆ ಇದೆ. ಅಜ್ಜಿಯ ಕೂಗು ಮಲಬದ್ಧತೆಯಿಂದ ಇರಬಹುದು, ಒದ್ದೆ ಬಟ್ಟೆಯಿಂದ ಇರಬಹುದು, ಮೂತ್ರದ ಸೋಂಕಿನಿಂದ ಇರಬಹುದು. ಫೋನ್ ಮಾಡಿ ವಿವರಿಸಬೇಕಾದ ಆ ಎರಡು ನಿಮಿಷವೇ ಕೆಲಸಗಾರರನ್ನು ಅಜ್ಜಿಯ ಹಾಸಿಗೆಯ ಬಳಿ ಒಯ್ಯುತ್ತದೆ.

ಪಾಯಸದ ವಿಷಯ. ಮಗಳ ಕಳವಳ ನನಗೆ ಅರ್ಥವಾಗುತ್ತದೆ, ನಮ್ಮ ಮನೆಗಳಲ್ಲಿ ಬಾಳೆಹಣ್ಣಿನಲ್ಲಿ ಮಾತ್ರೆ ಅಡಗಿಸಿ ಕೊಟ್ಟೇ ಬೆಳೆದವರು ನಾವು. ಆದರೂ ಇಲ್ಲಿ ಬೇಡ. ಔಷಧಿ ಬೇಡವೆನ್ನುವ ಹಕ್ಕು ನಿವಾಸಿಗೆ ಇದೆ, ಮೋಸದಿಂದ ನುಂಗಿಸುವಂತಿಲ್ಲ. ಪುಡಿ ಮಾಡುವುದಕ್ಕೂ ವೈದ್ಯರ ಲಿಖಿತ ಆದೇಶ ಬೇಕು, ನಿವಾಸಿಯ ಅಥವಾ ಅವರ ಪರವಾಗಿ ಕಾನೂನುಬದ್ಧ ಅಧಿಕಾರ ಇರುವವರ ಒಪ್ಪಿಗೆ ಬೇಕು, ಯಾವ ಆಹಾರದಲ್ಲಿ ಬೆರೆಸಬಹುದೆಂದು ಫಾರ್ಮಸಿಸ್ಟ್ ಅನ್ನು ಕೇಳಿರಬೇಕು. ಇದರ ಹಿಂದೆ ಕಾಗದದ ಹಟವಿಲ್ಲ. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಪೊಟ್ಯಾಸಿಯಂ ಮಾತ್ರೆಯನ್ನು ಅರೆದರೆ ದಿನವಿಡೀ ಇಳಿಯಬೇಕಾದದ್ದು ಒಮ್ಮೆಲೇ ಇಳಿಯುತ್ತದೆ. ಮೊದಲು ಉಗುಳುವುದೇಕೆ ಎಂದು ನೋಡಿ. ಬಾಯಿ ಒಣಗಿದೆಯೇ, ಹಲ್ಲಿನ ಸೆಟ್ ಕಚ್ಚುತ್ತಿದೆಯೇ, ನುಂಗುವಾಗ ಕೆಮ್ಮುತ್ತಾರೆಯೇ? ಕೆಮ್ಮುತ್ತಿದ್ದರೆ ಇಂದೇ ವೈದ್ಯರಿಗೆ ತಿಳಿಸಿ, ಅದು ಮಾತ್ರೆಗಿಂತ ದೊಡ್ಡ ತೊಂದರೆ. ಅದೇ ಔಷಧಿ ದ್ರವರೂಪದಲ್ಲಿ ಅಥವಾ ಅಂಟಿಸುವ ಪಟ್ಟಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಎಷ್ಟೋ ಸಲ ಹತ್ತು ಮಾತ್ರೆಗಳಲ್ಲಿ ಮೂರು ಈಗ ಬೇಕಾಗಿಯೇ ಇಲ್ಲ ಎಂದು ವೈದ್ಯರು ತೆಗೆದುಹಾಕಿದ್ದನ್ನು ಕಂಡಿದ್ದೇನೆ. ಅಷ್ಟಾದರೂ ಉಗುಳಿದರೆ, ಹತ್ತು ಹದಿನೈದು ನಿಮಿಷ ಬಿಟ್ಟು ಬೇರೊಬ್ಬರು ಹೋಗಿ ಕೇಳಲಿ. ಆಗಲೂ ಬೇಡವೆಂದರೆ ‘ನಿರಾಕರಿಸಿದರು’ ಎಂದು ಬರೆದು ವೈದ್ಯರಿಗೆ ತಿಳಿಸಿ.

ಮನೆಯವರು ವಾರದ ಡಬ್ಬಿಯಲ್ಲಿ ಮಾತ್ರೆ ತುಂಬಿ ತಂದರೆ ಪ್ರೀತಿಯಿಂದಲೇ ಹಿಂತಿರುಗಿಸಿ. ಔಷಧಿ ಬಂದ ಮೂಲ ಡಬ್ಬಿಯಲ್ಲೇ, ಲೇಬಲ್ ಸಮೇತ, ಬೀಗದೊಳಗೆ ಇರಬೇಕು. ಒಂದರಿಂದ ಇನ್ನೊಂದಕ್ಕೆ ಸುರಿಯುವಂತಿಲ್ಲ.

ತಪ್ಪಾದಾಗ ಏನು ಮಾಡಬೇಕೆಂಬುದನ್ನು ತಪ್ಪಾಗುವ ಮೊದಲೇ ಅಭ್ಯಾಸ ಮಾಡಿಸಿ. ನಿವಾಸಿಯನ್ನು ನೋಡುವುದು, ಉಸಿರು ಅಥವಾ ಪ್ರಜ್ಞೆಯಲ್ಲಿ ವ್ಯತ್ಯಾಸ ಕಂಡರೆ ತುರ್ತು ಸಹಾಯದ 911ಕ್ಕೆ ಕರೆ, ಇಲ್ಲದಿದ್ದರೆ ವೈದ್ಯರಿಗೆ ಫೋನ್, ಆಮೇಲೆ ನಿಮಗೆ, ಮನೆಯವರಿಗೆ. ನಿವಾಸಿಯ ಆರೋಗ್ಯಕ್ಕೆ ಅಪಾಯ ತಂದ ಘಟನೆಯನ್ನು ಇಂತಹ ಮನೆಗಳಿಗೆ ಪರವಾನಗಿ ಕೊಡುವ ಇಲಾಖೆಗೆ ಏಳು ದಿನಗಳೊಳಗೆ ಲಿಖಿತವಾಗಿ ವರದಿ ಮಾಡಬೇಕು. ವರದಿಯಲ್ಲಿ ನಡೆದದ್ದನ್ನು ನಡೆದಂತೆ ಬರೆಯಿರಿ. ಮಾತ್ರೆ ತಪ್ಪಾಗಿ ಹೋಯಿತೆಂದು ತಾವೇ ಬಂದು ಹೇಳಿದ ಕೆಲಸಗಾರರನ್ನು ಅಂದೇ ಕೆಲಸದಿಂದ ತೆಗೆದರೆ, ಉಳಿದ ಮೂವರು ಮುಂದೆಂದೂ ನಿಮಗೆ ಏನನ್ನೂ ಹೇಳುವುದಿಲ್ಲ.

ಕೊನೆಗೆ ತೀರಿಕೊಂಡವರ ಔಷಧಿಗಳು. ಊರಿಗೆ ಕಳುಹಿಸುವಂತಿಲ್ಲ, ಇನ್ನೊಬ್ಬ ನಿವಾಸಿಗೆ ಕೊಡುವಂತೆಯೂ ಇಲ್ಲ. ಇಷ್ಟು ದುಬಾರಿ ಮಾತ್ರೆಗಳನ್ನು ಹಾಳು ಮಾಡಲು ನಮ್ಮವರಿಗೆ ಕರುಳು ಕಿತ್ತುಬರುತ್ತದೆ, ನನಗೂ ಬಂದಿದೆ. ಆದರೆ ಒಬ್ಬರ ಹೆಸರಿಗೆ ಬರೆದ ಔಷಧಿ ಅವರದು ಮಾತ್ರ. ಮನೆಯ ಆಡಳಿತಗಾರರು, ಜೊತೆಗೆ ನಿವಾಸಿಯಲ್ಲದ ಇನ್ನೊಬ್ಬ ವಯಸ್ಕರು, ಇಬ್ಬರೂ ಸೇರಿ ಅವನ್ನು ನಾಶಪಡಿಸಿ ಸಹಿ ಮಾಡಬೇಕು. ನಿವಾಸಿಯ ಹೆಸರು, ಔಷಧಿ ಚೀಟಿಯ ಸಂಖ್ಯೆ, ಫಾರ್ಮಸಿಯ ಹೆಸರು, ಔಷಧಿಯ ಹೆಸರು, ಪ್ರಮಾಣ, ನಾಶಪಡಿಸಿದ ದಿನ ಎಲ್ಲವೂ ಅದರಲ್ಲಿರಲಿ. ಆ ದಾಖಲೆಯನ್ನು ಕನಿಷ್ಠ ಮೂರು ವರ್ಷ ಇಡಬೇಕು. ನೋವಿಗೆ ಕೊಡುತ್ತಿದ್ದ ಮಾರ್ಫಿನ್‌ನಂತಹವು ಇದ್ದರೆ ಇಬ್ಬರೂ ಒಟ್ಟಿಗೆ ಕುಳಿತು ಎಣಿಸಿ, ಹಾಳೆಯ ಲೆಕ್ಕದೊಂದಿಗೆ ತಾಳೆ ನೋಡಿ ಬರೆದಿಡಿ. ಒಂದು ತಿಂಗಳಿನಿಂದ ಕಪಾಟಿನಲ್ಲಿ ಇವೆ ಎಂದಿದ್ದೀರಿ. ಈ ವಾರವೇ ಮುಗಿಸಿ, ಎಣಿಸುವಾಗ ನಿಮ್ಮ ಕೆಲಸಗಾರರಲ್ಲಿ ಒಬ್ಬರನ್ನು ಎರಡನೆಯ ಸಹಿಗೆ ಕೂರಿಸಿಕೊಳ್ಳಿ.